ಬ್ರಷ್‌ರಹಿತ ಮೋಟಾರು: ರೇಡಿಯೊ ಟ್ರಕ್ಕಿನ ವೇಗಕ್ಕೆ ಬಿಸಿಯೇ ಕಡಿವಾಣ

ರೇಡಿಯೊ ನಿಯಂತ್ರಿತ ಟ್ರಕ್ಕುಗಳನ್ನು ಆಟಿಕೆಗಳೆಂದು ಕರೆಯುವುದು ರೂಢಿ. ಆದರೆ ಅವುಗಳ ಒಡಲಲ್ಲಿರುವ ಮೋಟಾರಿನ ಕೆಲಸ ಆಟಿಕೆಯದಲ್ಲ. 36 ಮಿ.ಮೀ. ವ್ಯಾಸ, ಸುಮಾರು 50 ಮಿ.ಮೀ. ಉದ್ದದ ಈ ಲೋಹದ ಡಬ್ಬಿ ನಿಮಿಷಕ್ಕೆ 25 ಸಾವಿರ ಬಾರಿ ತಿರುಗಿ, ಎರಡು-ಮೂರು ಕಿಲೋ ತೂಕದ ವಾಹನವನ್ನು ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಓಡಿಸಬಲ್ಲದು. ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಹೊಸ ಬಗೆಯ ಸೀಲಿಂಗ್ ಫ್ಯಾನುಗಳಲ್ಲಿ ಇರುವುದೂ ಇದೇ ಬ್ರಷ್‌ರಹಿತ ಮೋಟಾರಿನ ತತ್ವ.

ಇಂತಹ ಮೋಟಾರನ್ನು ಬಿಚ್ಚಿ, ತಂತಿ ಸುತ್ತಿ, ಮರುಜೋಡಿಸಿ, ಶ್ರುತಿ ಮಾಡಿ ಓಡಿಸುವುದು ಜಗತ್ತಿನಾದ್ಯಂತ ಬೆಳೆದಿರುವ ಹವ್ಯಾಸ. ಈ ಹವ್ಯಾಸಕ್ಕೆ ಕಾಲಿಟ್ಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇನ್ನಷ್ಟು ವೇಗ ಪಡೆಯುವುದು ಹೇಗೆ? ಉತ್ತರ ಸುಲಭ. ಸುತ್ತು ಕಡಿಮೆ ಮಾಡಬಹುದು, ವೋಲ್ಟೇಜ್ ಹೆಚ್ಚಿಸಬಹುದು, ಗೇರ್ ಬದಲಿಸಬಹುದು, ಟೈಮಿಂಗ್ ಮುಂದಕ್ಕೆ ತಳ್ಳಬಹುದು. ಆದರೆ ಈ ನಾಲ್ಕು ದಾರಿಗಳೂ ಕೊನೆಗೆ ಹೋಗಿ ಸೇರುವುದು ಒಂದೇ ಜಾಗಕ್ಕೆ. ಅದು ಬಿಸಿ. ಸಾವಿರಾರು ರೂಪಾಯಿ ಬೆಲೆಯ ಮೋಟಾರು ಒಂದು ಸಂಜೆಯ ಓಟದಲ್ಲಿ ಕೈಕೊಡುವುದು ಬಹುತೇಕ ಈ ಕಾರಣದಿಂದಲೇ.

ಬ್ರಷ್ ಮಾಯವಾದದ್ದು ಹೇಗೆ?

ಹಳೆಯ ಮಾದರಿಯ ಡಿಸಿ ಮೋಟಾರಿನಲ್ಲಿ ತಾಮ್ರದ ಸುರುಳಿ ತಿರುಗುತ್ತದೆ, ಅಯಸ್ಕಾಂತ ನಿಂತಿರುತ್ತದೆ. ತಿರುಗುವ ಸುರುಳಿಗೆ ವಿದ್ಯುತ್ ಮುಟ್ಟಿಸಲು ಇಂಗಾಲದ ಬ್ರಷ್‌ಗಳು ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತಿರಬೇಕು. ಈ ಉಜ್ಜಾಟದಲ್ಲಿ ಕಿಡಿ ಹಾರುತ್ತದೆ, ಬ್ರಷ್ ಸವೆಯುತ್ತದೆ, ಕಮ್ಯುಟೇಟರ್ ಒರಟಾಗುತ್ತದೆ. ಪುಟ್ಟ ಲೇತಿನಲ್ಲಿ ಕಮ್ಯುಟೇಟರನ್ನು ತೆಳುವಾಗಿ ಕೆತ್ತಿ ನುಣುಪು ಮಾಡಿಕೊಳ್ಳುವುದು ಹಿಂದಿನ ಸ್ಪರ್ಧಿಗಳ ನಿತ್ಯದ ಕೆಲಸವಾಗಿತ್ತು.

ಬ್ರಷ್‌ರಹಿತ ಮೋಟಾರು ಈ ವ್ಯವಸ್ಥೆಯನ್ನು ತಿರುವುಮುರುವು ಮಾಡಿತು. ಇಲ್ಲಿ ಸುರುಳಿ ಹೊರಗಡೆ ಸ್ಥಿರವಾಗಿರುತ್ತದೆ, ಅಯಸ್ಕಾಂತ ನಡುವೆ ತಿರುಗುತ್ತದೆ. ಯಾವ ಸುರುಳಿಗೆ ಯಾವಾಗ ವಿದ್ಯುತ್ ಹರಿಸಬೇಕೆಂಬುದನ್ನು ಬ್ರಷ್ ಬದಲಿಗೆ ಟ್ರಾನ್ಸಿಸ್ಟರ್‌ಗಳು ನಿರ್ಧರಿಸುತ್ತವೆ. ಅಮೆರಿಕದ ಟಿ.ಜಿ. ವಿಲ್ಸನ್ ಹಾಗೂ ಪಿ.ಎಚ್. ಟ್ರಿಕಿ ಅವರು ಈ ಬಗೆಯ ಯಂತ್ರವನ್ನು 1962ರ ಪ್ರಬಂಧವೊಂದರಲ್ಲಿ ವಿವರಿಸಿದ್ದರು. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಪ್ರತ್ಯೇಕವಾಗಿ ರೂಪಿಸಿದ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತ ಇದಕ್ಕೆ ಬಲ ತುಂಬಿತು. ರೇಡಿಯೊ ಕಾರುಗಳ ಲೋಕದಲ್ಲಿ ಈ ಮೋಟಾರು ಬೇರೂರಿದ್ದು 2000ರ ದಶಕದಲ್ಲಿ. ಅಮೆರಿಕದ ಟ್ರಾಕ್ಸಸ್ ಸಂಸ್ಥೆ 2008ರಲ್ಲಿ 'ಸ್ಲ್ಯಾಶ್' ಮಾದರಿಯನ್ನು ಹೊರತಂದ ಬಳಿಕ ಶಾರ್ಟ್ ಕೋರ್ಸ್ ಟ್ರಕ್ಕುಗಳು ಜನಪ್ರಿಯವಾದವು. ಭಾರವಾದ ಒಡಲು, ದೊಡ್ಡ ಚಕ್ರಗಳ ಈ ವಾಹನಗಳಿಗೆ ಬಲಶಾಲಿ ಮೋಟಾರಿನ ಅಗತ್ಯವೂ ಹೆಚ್ಚಿತು.

ಒಳಗೆ ಏನಿದೆ?

ಮೋಟಾರಿನ ಸ್ಥಿರ ಭಾಗಕ್ಕೆ ಸ್ಟೇಟರ್ ಎಂದು ಹೆಸರು. ತೆಳುವಾದ ಸಿಲಿಕಾನ್ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಇದನ್ನು ಮಾಡಲಾಗುತ್ತದೆ. ಇಡಿಯಾದ ಉಕ್ಕಿನ ತುಂಡನ್ನೇ ಬಳಸಬಾರದೇಕೆ? ಬದಲಾಗುತ್ತಿರುವ ಕಾಂತಕ್ಷೇತ್ರ ಉಕ್ಕಿನೊಳಗೇ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಅದು ವ್ಯರ್ಥವಾಗಿ ಬಿಸಿಯಾಗುತ್ತದೆ. ಹಾಳೆ ತೆಳುವಾದಷ್ಟೂ ಈ ನಷ್ಟ ಕಡಿಮೆ. ದಪ್ಪವನ್ನು ಅರ್ಧಕ್ಕಿಳಿಸಿದರೆ ಸುಳಿ ವಿದ್ಯುತ್ತಿನ ನಷ್ಟ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ನಾಲ್ಕು ಧ್ರುವಗಳ ಮೋಟಾರು 39 ಸಾವಿರ ಆರ್‌ಪಿಎಂನಲ್ಲಿ ತಿರುಗುವಾಗ ಸ್ಟೇಟರಿನಲ್ಲಿ ಆವರ್ತನ 1,300 ಹರ್ಟ್ಸ್ ಮುಟ್ಟುತ್ತದೆ. ಆದ್ದರಿಂದಲೇ ಇಲ್ಲಿ ಹಾಳೆಯ ದಪ್ಪಕ್ಕೆ ಇಷ್ಟು ಮಹತ್ವ.

ತಿರುಗುವ ಭಾಗ ರೋಟರ್. ಉಕ್ಕಿನ ದಂಡಕ್ಕೆ ನಿಯೋಡಿಮಿಯಂ ಅಯಸ್ಕಾಂತವನ್ನು ಅಂಟಿಸಿ, ಅದು ಸಿಡಿಯದಂತೆ ಕೆವ್ಲಾರ್ ಅಥವಾ ಕಾರ್ಬನ್ ನಾರಿನ ಬಿಗಿಯಾದ ಪಟ್ಟಿ ಸುತ್ತಿರುತ್ತಾರೆ. ಈ ಪಟ್ಟಿ ಅಲಂಕಾರವಲ್ಲ. 12.5 ಮಿ.ಮೀ. ವ್ಯಾಸದ ರೋಟರ್ 40 ಸಾವಿರ ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚಿನಲ್ಲಿರುವ ಪ್ರತಿ ಗ್ರಾಂ ವಸ್ತುವೂ ಸುಮಾರು 11 ಕೆ.ಜಿ. ತೂಕದ ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಪಟ್ಟಿಯಲ್ಲಿ ಬಿರುಕು ಕಂಡ ರೋಟರನ್ನು ಮತ್ತೆ ಬಳಸಬಾರದು. ಹೊರೆಯಿಲ್ಲದ ಮೋಟಾರಿಗೆ ಪೂರ್ಣ ಥ್ರಾಟಲ್ ಕೊಟ್ಟು ತಿರುಗಿಸುತ್ತಲೇ ಇರಬಾರದು ಎನ್ನುವುದಕ್ಕೂ ಇದೇ ಕಾರಣ.

ಸುತ್ತಿನ ಲೆಕ್ಕ, ಕೆವಿಯ ಅರ್ಥ

ಮೋಟಾರಿನ ಮೈಮೇಲೆ ಎರಡು ಬಗೆಯ ಸಂಖ್ಯೆಗಳು ಕಾಣುತ್ತವೆ. ಒಂದು ಸುತ್ತಿನ ಲೆಕ್ಕ: 10.5, 13.5, 17.5 ಇತ್ಯಾದಿ. ಸ್ಟೇಟರಿನ ಹಲ್ಲಿಗೆ ತಂತಿ ಎಷ್ಟು ಬಾರಿ ಸುತ್ತಿಕೊಂಡಿದೆ ಎಂಬುದನ್ನು ಇದು ಹೇಳುತ್ತದೆ. ತಂತಿ ಒಂದು ತುದಿಯಿಂದ ಒಳಹೊಕ್ಕು ಎದುರಿನ ತುದಿಯಿಂದ ಹೊರಬರುವುದರಿಂದ ಅರ್ಧ ಸುತ್ತು ಉಳಿಯುತ್ತದೆ. ಇನ್ನೊಂದು ಸಂಖ್ಯೆ ಕೆವಿ. ಇದು ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಿರುವಾಗ ಪ್ರತಿ ವೋಲ್ಟಿಗೆ ಮೋಟಾರು ಎಷ್ಟು ಆರ್‌ಪಿಎಂ ತಿರುಗುತ್ತದೆ ಎಂಬುದರ ಅಳತೆ. 3,500 ಕೆವಿ ಮೋಟಾರಿಗೆ 7.4 ವೋಲ್ಟ್ ಕೊಟ್ಟರೆ 25,900 ಆರ್‌ಪಿಎಂ. 11.1 ವೋಲ್ಟ್ ಕೊಟ್ಟರೆ 38,850.

ಸುತ್ತು ಕಡಿಮೆಯಾದಂತೆ ಕೆವಿ ಏರುತ್ತದೆ. ಆದರೆ ಪ್ರತಿ ಆಂಪಿಯರ್ ವಿದ್ಯುತ್ತಿಗೆ ದೊರೆಯುವ ತಿರುಗುಬಲ, ಅಂದರೆ ಟಾರ್ಕ್, ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 9.55 ಅನ್ನು ಕೆವಿಯಿಂದ ಭಾಗಿಸಿದರೆ ಪ್ರತಿ ಆಂಪಿಯರಿಗೆ ಎಷ್ಟು ನ್ಯೂಟನ್-ಮೀಟರ್ ಟಾರ್ಕ್ ಎಂಬುದು ತಿಳಿಯುತ್ತದೆ. 2,200 ಕೆವಿ ಮೋಟಾರಿಗೆ ಇದು 0.0043. 3,500 ಕೆವಿ ಮೋಟಾರಿಗೆ 0.0027 ಮಾತ್ರ.

ಇಲ್ಲಿಯೇ ಒಂದು ತಪ್ಪು ಕಲ್ಪನೆ ಹುಟ್ಟಿಕೊಳ್ಳುತ್ತದೆ. ಸುತ್ತು ಹೆಚ್ಚಿದ್ದರೆ ಬಲವೂ ಹೆಚ್ಚು ಎಂದು ಅನೇಕರು ಭಾವಿಸುತ್ತಾರೆ. ಪ್ರತಿ ಆಂಪಿಯರಿಗೆ ಬಲ ಹೆಚ್ಚುವುದು ನಿಜ. ಆದರೆ ಅದೇ ಜಾಗದಲ್ಲಿ ಹೆಚ್ಚು ಸುತ್ತು ಹಿಡಿಸಲು ತೆಳುವಾದ ತಂತಿ ಬೇಕು, ತೆಳುವಾದ ತಂತಿಯ ರೋಧ ಹೆಚ್ಚು. ಲೆಕ್ಕ ಹಾಕಿದರೆ, ಒಂದೇ ಪ್ರಮಾಣದ ತಾಮ್ರ ತುಂಬಿದ ಎರಡು ಮೋಟಾರುಗಳು ಒಂದೇ ಟಾರ್ಕ್ ನೀಡುವಾಗ ತಾಮ್ರದಲ್ಲಿ ಹುಟ್ಟುವ ಬಿಸಿಯೂ ಒಂದೇ. ಸುತ್ತಿನ ಸಂಖ್ಯೆ ಮೋಟಾರನ್ನು ಬ್ಯಾಟರಿಯ ವೋಲ್ಟೇಜಿಗೆ ಹೊಂದಿಸುತ್ತದೆ, ಅಷ್ಟೇ. ನಿಜವಾದ ಲಾಭ ಇರುವುದು ಗಾಡಿಯಲ್ಲಿ, ಎಂದರೆ ತಂತಿ ಸುತ್ತುವ ಸಂದುಗಳಲ್ಲಿ, ಎಷ್ಟು ತಾಮ್ರ ತುಂಬಿದೆ ಎಂಬುದರಲ್ಲಿ.

ತಂತಿ ಸುತ್ತುವ ಕೆಲಸ

ಸುಟ್ಟ ಪಂಪ್‌ಸೆಟ್ ಮೋಟಾರನ್ನು ರೀವೈಂಡಿಂಗ್ ಅಂಗಡಿಗೆ ಕೊಟ್ಟು ಮತ್ತೆ ಸುತ್ತಿಸುವುದು ನಮ್ಮ ರೈತರಿಗೆ ಹೊಸತಲ್ಲ. ಪುಟ್ಟ ಮೋಟಾರಿನ ಕೆಲಸವೂ ಅದೇ ಕ್ರಮದ್ದು. ವ್ಯತ್ಯಾಸವೆಂದರೆ ಜಾಗ ಕಡಿಮೆ, ತಪ್ಪಿಗೆ ಅವಕಾಶ ಇನ್ನೂ ಕಡಿಮೆ.

ಮೊದಲು ಹಳೆಯ ತಂತಿಯನ್ನು ತೆಗೆದು ಸುತ್ತಿನ ಸಂಖ್ಯೆ, ದಿಕ್ಕು ಹಾಗೂ ಜೋಡಣೆಯನ್ನು ಬರೆದಿಟ್ಟುಕೊಳ್ಳಬೇಕು. ಸ್ಟೇಟರಿನ ಅಂಚುಗಳು ಹರಿತವಾಗಿದ್ದರೆ ತಂತಿಯ ಎನಾಮಲ್ ಲೇಪ ಕಿತ್ತುಹೋಗುತ್ತದೆ. ಆದ್ದರಿಂದ ಸಂದುಗಳಿಗೆ ಇನ್ಸುಲೇಷನ್ ಹಾಳೆ ಇಡುವುದು ಕಡ್ಡಾಯ. ಒಂದೇ ದಪ್ಪ ತಂತಿಯ ಬದಲು ಹಲವು ತೆಳು ತಂತಿಗಳನ್ನು ಜೊತೆಯಾಗಿ ಸುತ್ತಿದರೆ ಇಕ್ಕಟ್ಟಾದ ಜಾಗದಲ್ಲಿ ಬಗ್ಗಿಸುವುದು ಸುಲಭ. ಸುತ್ತುಗಳು ಒಂದರ ಮೇಲೊಂದು ದಾಟದೆ ಸಾಲಾಗಿ ಕುಳಿತಷ್ಟೂ ಹೆಚ್ಚು ತಾಮ್ರ ಹಿಡಿಯುತ್ತದೆ.

ಮೂರು ಸುರುಳಿಗಳ ತುದಿಗಳನ್ನು ಜೋಡಿಸುವ ವಿಧಾನ ಎರಡು: ನಕ್ಷತ್ರ ಅಂದರೆ ಸ್ಟಾರ್, ತ್ರಿಕೋನ ಅಂದರೆ ಡೆಲ್ಟಾ. ಅವೇ ಸುರುಳಿಗಳನ್ನು ಸ್ಟಾರ್ ಬದಲು ಡೆಲ್ಟಾ ಮಾಡಿದರೆ ಕೆವಿ 1.73 ಪಟ್ಟು ಹೆಚ್ಚುತ್ತದೆ. 2,000 ಕೆವಿ ಮೋಟಾರು ಸುಮಾರು 3,460 ಕೆವಿ ಆಗುತ್ತದೆ.

ಸುತ್ತಿ ಮುಗಿದ ಮೇಲೆ ಮೂರು ಪರೀಕ್ಷೆ ನಡೆಸದೆ ಬ್ಯಾಟರಿ ಜೋಡಿಸುವಂತಿಲ್ಲ. ತಂತಿಗೂ ಸ್ಟೇಟರಿನ ಉಕ್ಕಿಗೂ ನಡುವೆ ಸಂಪರ್ಕ ಇಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳುವುದು ಮೊದಲನೆಯದು. ಹೊರಬರುವ ಮೂರು ತಂತಿಗಳಲ್ಲಿ ಎರಡೆರಡರ ನಡುವಿನ ರೋಧವನ್ನು ಮಿಲಿಓಮ್ ಮಾಪಕದಿಂದ ಅಳೆದು, ಮೂರೂ ಸಮವೇ ಎಂದು ನೋಡುವುದು ಎರಡನೆಯದು. ಮೂರನೆಯದಕ್ಕೆ ಮನೆಯ ಡ್ರಿಲ್ ಯಂತ್ರವೇ ಸಾಕು. ಮೋಟಾರಿನ ದಂಡವನ್ನು ಡ್ರಿಲ್‌ಗೆ ಸಿಕ್ಕಿಸಿ ತಿಳಿದಿರುವ ವೇಗದಲ್ಲಿ ತಿರುಗಿಸಿದರೆ ಮೋಟಾರು ಜನರೇಟರ್ ಆಗುತ್ತದೆ. ಎರಡು ತಂತಿಗಳ ನಡುವಿನ ಎಸಿ ವೋಲ್ಟೇಜನ್ನು 1.414ರಿಂದ ಗುಣಿಸಿ, ಆ ಮೊತ್ತದಿಂದ ಡ್ರಿಲ್‌ನ ಆರ್‌ಪಿಎಂ ಅನ್ನು ಭಾಗಿಸಿದರೆ ಕೆವಿ ಹೆಚ್ಚುಕಡಿಮೆ ಸಿಗುತ್ತದೆ. 2,800 ಆರ್‌ಪಿಎಂನಲ್ಲಿ 0.57 ವೋಲ್ಟ್ ಬಂದರೆ ಕೆವಿ ಸುಮಾರು 3,470. ಮೂರು ಜೋಡಿಗಳಲ್ಲಿ ಒಂದರ ವೋಲ್ಟೇಜ್ ಮಾತ್ರ ಬೇರೆಯಾಗಿದ್ದರೆ ಎಲ್ಲೋ ಸುತ್ತಿನ ಎಣಿಕೆ ತಪ್ಪಿದೆ ಎಂದೇ ಅರ್ಥ. ಎಲ್ಲವೂ ಸರಿಯಿದ್ದರೆ ಕೊನೆಗೆ ವಾರ್ನಿಷ್ ಹಾಕಿ ಸುರುಳಿ ಅಲುಗಾಡದಂತೆ ಮಾಡಲಾಗುತ್ತದೆ.

ಸೆನ್ಸರ್ ಬೇಕೋ, ಬೇಡವೋ

ರೋಟರ್ ಈ ಕ್ಷಣ ಎಲ್ಲಿದೆ ಎಂದು ತಿಳಿಯದೆ ನಿಯಂತ್ರಕ ಸರಿಯಾದ ಸುರುಳಿಗೆ ವಿದ್ಯುತ್ ಹರಿಸಲಾರದು. ಇದಕ್ಕೆ ಎರಡು ಉಪಾಯಗಳಿವೆ. ಸೆನ್ಸರ್ ಉಳ್ಳ ಮೋಟಾರಿನಲ್ಲಿ, ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಮೂರು ಪುಟ್ಟ ಸೆನ್ಸರ್‌ಗಳು ಅಯಸ್ಕಾಂತದ ಸ್ಥಾನವನ್ನು ನೇರವಾಗಿ ತಿಳಿಸುತ್ತವೆ. ಸೆನ್ಸರ್ ಇಲ್ಲದ ಮೋಟಾರಿನಲ್ಲಿ, ವಿದ್ಯುತ್ ಹರಿಯದ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜನ್ನು ನೋಡಿ ನಿಯಂತ್ರಕ ಸ್ಥಾನವನ್ನು ಊಹಿಸುತ್ತದೆ. ಮೋಟಾರು ನಿಂತಿದ್ದಾಗ ಈ ವೋಲ್ಟೇಜ್ ಇರುವುದೇ ಇಲ್ಲ. ಹಾಗಾಗಿ ಹೊರಡುವಾಗ ಟ್ರಕ್ ತಡವರಿಸುತ್ತದೆ, ಜಗ್ಗುತ್ತದೆ. ಬಂಡೆಗಳ ಮೇಲೆ ನಿಧಾನವಾಗಿ ಹತ್ತುವ ಕ್ರಾಲರ್ ಟ್ರಕ್ಕಿಗೆ ಸೆನ್ಸರ್ ಉಳ್ಳ ಮೋಟಾರು ಹೆಚ್ಚು ಸೂಕ್ತ. ಬಯಲಲ್ಲಿ ವೇಗವಾಗಿ ಓಡುವ, ಕೆಸರು-ನೀರಿಗೆ ಇಳಿಯುವ ಮಾನ್ಸ್ಟರ್ ಟ್ರಕ್ಕಿಗೆ ಸೆನ್ಸರ್ ಇಲ್ಲದ ಸರಳ ಮೋಟಾರು ಸಾಕು.

ಜೋಡಣೆಯಲ್ಲಿ ಒಂದು ಎಚ್ಚರ ಅಗತ್ಯ. ಸೆನ್ಸರ್ ಇಲ್ಲದ ಮೋಟಾರು ಹಿಮ್ಮುಖವಾಗಿ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಸೆನ್ಸರ್ ಉಳ್ಳ ಮೋಟಾರಿನಲ್ಲಿ ಹಾಗೆ ಮಾಡುವಂತಿಲ್ಲ. ಎ, ಬಿ, ಸಿ ತಂತಿಗಳು ನಿಯಂತ್ರಕದ ಅದೇ ಅಕ್ಷರಗಳಿಗೇ ಸೇರಬೇಕು. ದಿಕ್ಕನ್ನು ನಿಯಂತ್ರಕದ ಸೆಟ್ಟಿಂಗ್‌ನಲ್ಲಿ ಬದಲಿಸಬೇಕು.

ಒಂದು ಹಲ್ಲಿನ ಬೆಲೆ

ಮೋಟಾರಿನ ದಂಡದ ಮೇಲಿರುವ ಚಿಕ್ಕ ಗೇರ್ ಪಿನಿಯನ್. ಅದು ತಿರುಗಿಸುವ ದೊಡ್ಡ ಗೇರ್ ಸ್ಪರ್. 18 ಹಲ್ಲಿನ ಪಿನಿಯನ್, 54 ಹಲ್ಲಿನ ಸ್ಪರ್ ಇದ್ದು, ಮುಂದಿನ ಗೇರ್‌ಪೆಟ್ಟಿಗೆಯ ಅನುಪಾತವೂ 3 ಆಗಿದ್ದರೆ ಮೋಟಾರು 9 ಬಾರಿ ತಿರುಗಿದಾಗ ಚಕ್ರ ಒಮ್ಮೆ ತಿರುಗುತ್ತದೆ. 25,900 ಆರ್‌ಪಿಎಂ ಹಾಗೂ 110 ಮಿ.ಮೀ. ವ್ಯಾಸದ ಚಕ್ರಕ್ಕೆ ಇದು ಕಾಗದದ ಮೇಲೆ ಗಂಟೆಗೆ ಸುಮಾರು 60 ಕಿ.ಮೀ. ಗಾಳಿಯ ತಡೆ, ಘರ್ಷಣೆ ಮತ್ತು ಹೊರೆಯಲ್ಲಿ ಕುಸಿಯುವ ವೋಲ್ಟೇಜಿನಿಂದಾಗಿ ನೆಲದ ಮೇಲಿನ ವೇಗ ಇದಕ್ಕಿಂತ ಕಡಿಮೆ.

ಪಿನಿಯನ್‌ಗೆ ಒಂದೇ ಒಂದು ಹಲ್ಲು ಸೇರಿಸಿ 19 ಮಾಡಿದರೆ ಲೆಕ್ಕದ ವೇಗ 63 ಕಿ.ಮೀ.ಗೆ ಏರುತ್ತದೆ. ಹೆಚ್ಚಳ ಶೇ. 5.6. ಆದರೆ ಚಕ್ರಕ್ಕೆ ಹಿಂದಿನಷ್ಟೇ ತಳ್ಳುಬಲ ಕೊಡಲು ಮೋಟಾರು ಈಗ ಶೇ. 5.6ರಷ್ಟು ಹೆಚ್ಚು ವಿದ್ಯುತ್ ಎಳೆಯಬೇಕು. ತಾಮ್ರದಲ್ಲಿನ ಬಿಸಿ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಶೇ. 11ಕ್ಕೂ ಹೆಚ್ಚು ಏರುತ್ತದೆ. ಸುರುಳಿಯ ರೋಧ 10 ಮಿಲಿಓಮ್ ಇದ್ದಾಗ 60 ಆಂಪಿಯರ್ ಹರಿದರೆ 36 ವ್ಯಾಟ್ ಬಿಸಿ. 120 ಆಂಪಿಯರ್ ಹರಿದರೆ 144 ವ್ಯಾಟ್. ಎರಡು ಪಟ್ಟು ವಿದ್ಯುತ್ತಿಗೆ ನಾಲ್ಕು ಪಟ್ಟು ಬಿಸಿ. ನುಣುಪಾದ ರಸ್ತೆಗೆ ಹೊಂದುವ ಗೇರ್ ಎತ್ತರದ ಹುಲ್ಲಿನಲ್ಲಿ ಮೋಟಾರನ್ನು ಸುಡುವುದು ಈ ಕಾರಣದಿಂದ. ಹುಲ್ಲು, ಮರಳು, ಕೆಸರಿನಲ್ಲಿ ಓಡಿಸುವಾಗ ಪಿನಿಯನ್ ಚಿಕ್ಕದಿರಬೇಕು.

ಟೈಮಿಂಗ್ ಎಂಬ ಎರಡಲಗಿನ ಕತ್ತಿ

ಪೆಟ್ರೋಲ್ ಎಂಜಿನಿನಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸಲಾಗುತ್ತದೆ. ಉರಿ ಹಬ್ಬಲು ಸಮಯ ಬೇಕೆಂಬುದೇ ಕಾರಣ. ಮೋಟಾರಿನ ಸುರುಳಿಯಲ್ಲೂ ವಿದ್ಯುತ್ ಏರಲು ಸಮಯ ಬೇಕು. ವೇಗ ಹೆಚ್ಚಿದಂತೆ ಆ ಸಮಯ ಸಾಲದಾಗುತ್ತದೆ. ಆದ್ದರಿಂದ ಸುರುಳಿಗೆ ತುಸು ಮೊದಲೇ ವಿದ್ಯುತ್ ಕೊಡುವುದಕ್ಕೆ ಟೈಮಿಂಗ್ ಮುಂದೂಡುವುದು, ಅಂದರೆ ಅಡ್ವಾನ್ಸ್ ಮಾಡುವುದು ಎನ್ನುತ್ತಾರೆ. ಸೆನ್ಸರ್ ಉಳ್ಳ ಮೋಟಾರುಗಳಲ್ಲಿ ಹಿಂದಿನ ಮುಚ್ಚಳವನ್ನು ಡಿಗ್ರಿ ಗುರುತುಗಳ ಮೇಲೆ ತಿರುಗಿಸಿ ಇದನ್ನು ಹೊಂದಿಸಬಹುದು. ಕೆಲವು ನಿಯಂತ್ರಕಗಳು 'ಬೂಸ್ಟ್', 'ಟರ್ಬೊ' ಎಂಬ ಹೆಸರಿನಲ್ಲಿ ವೇಗಕ್ಕೆ ತಕ್ಕಂತೆ ತಾವೇ ಟೈಮಿಂಗ್ ಹೆಚ್ಚಿಸುತ್ತವೆ. ಎಲ್ಲ ಸ್ಪರ್ಧಿಗಳಿಗೂ ಒಂದೇ ಸುತ್ತಿನ ಮೋಟಾರು ಕಡ್ಡಾಯವಾಗಿರುವ ಸ್ಟಾಕ್ ವರ್ಗದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ಅವಕಾಶವಿಲ್ಲ. ನಿಯಂತ್ರಕದ ದೀಪ ಮಿನುಗುತ್ತಿದ್ದರೆ ಟೈಮಿಂಗ್ ಶೂನ್ಯವಾಗಿದೆ ಎಂಬುದು ತಪಾಸಕರಿಗೆ ಸಿಗುವ ಗುರುತು.

ಟೈಮಿಂಗ್ ಹೆಚ್ಚಿಸಿದರೆ ಮೇಲಿನ ವೇಗ ಏರುತ್ತದೆ, ಪ್ರತಿ ಆಂಪಿಯರಿನ ಟಾರ್ಕ್ ಇಳಿಯುತ್ತದೆ, ಬಿಸಿ ಏರುತ್ತದೆ. ಸರಿಯಾದ ಬಿಂದು ಹುಡುಕಲು ಒಂದು ಸರಳ ದಾರಿಯಿದೆ. ಮಿತ ವೋಲ್ಟೇಜಿನಲ್ಲಿ, ಹೊರೆಯಿಲ್ಲದೆ, ಕೆಲವೇ ಸೆಕೆಂಡು ತಿರುಗಿಸಿ ಪ್ರತಿ ಹಂತದಲ್ಲೂ ಆರ್‌ಪಿಎಂ ಮತ್ತು ಆಂಪಿಯರ್ ಬರೆದುಕೊಳ್ಳುವುದು. ಆರ್‌ಪಿಎಂ ಅಲ್ಪಸ್ವಲ್ಪ ಏರಿ ಆಂಪಿಯರ್ ಮಾತ್ರ ದಿಢೀರನೆ ಜಿಗಿಯುವ ಹಂತ ಕಂಡೊಡನೆ ಒಂದು ಹೆಜ್ಜೆ ಹಿಂದಕ್ಕೆ ಬರುವುದು. ಗೇರ್ ಹಾಗೂ ಟೈಮಿಂಗ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಬಿಸಿಯ ವಿಷವರ್ತುಲ

ತಾಮ್ರ ಬಿಸಿಯಾದಂತೆ ಅದರ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಷ್ಟು ಏರುತ್ತದೆ. 25 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ರೋಧ ಶೇ. 29ರಷ್ಟು ಹೆಚ್ಚು. ಅದೇ ವೇಳೆಗೆ ನಿಯೋಡಿಮಿಯಂ ಅಯಸ್ಕಾಂತದ ಶಕ್ತಿ ಪ್ರತಿ ಡಿಗ್ರಿಗೆ ಶೇ. 0.1ಕ್ಕೂ ತುಸು ಹೆಚ್ಚು ಕುಗ್ಗುತ್ತದೆ. ಅಯಸ್ಕಾಂತ ಕುಗ್ಗಿದರೆ ಅದೇ ಟಾರ್ಕ್‌ಗೆ ಹೆಚ್ಚು ವಿದ್ಯುತ್ ಬೇಕು. ಹೆಚ್ಚು ವಿದ್ಯುತ್ ಎಂದರೆ ಮತ್ತಷ್ಟು ಬಿಸಿ. ಹೀಗೆ ಬಿಸಿ ಬಿಸಿಯನ್ನೇ ಹೆರುತ್ತದೆ.

ಒಂದು ಮಿತಿಯವರೆಗೆ ಈ ನಷ್ಟ ತಾತ್ಕಾಲಿಕ. ತಣಿದ ಮೇಲೆ ಅಯಸ್ಕಾಂತ ಮೊದಲಿನಂತಾಗುತ್ತದೆ. ಮಿತಿ ದಾಟಿದರೆ ಕಳೆದುಕೊಂಡ ಶಕ್ತಿ ಮರಳುವುದಿಲ್ಲ. ಸಾಧಾರಣ ದರ್ಜೆಯ ನಿಯೋಡಿಮಿಯಂಗೆ ಈ ಮಿತಿ ಸುಮಾರು 80 ಡಿಗ್ರಿ. 'ಎಸ್‌ಎಚ್' ದರ್ಜೆಗೆ 150, 'ಯುಎಚ್' ದರ್ಜೆಗೆ 180. ಬಿಸಿ ತಡೆಯುವ ಈ ದರ್ಜೆಗಳಿಗೆ ಸಾಮಾನ್ಯವಾಗಿ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರೆಸುತ್ತಾರೆ. ಈ ಎರಡೂ ಸೇರಿದಂತೆ ಏಳು ವಿರಳ ಭೂಧಾತುಗಳ ರಫ್ತಿಗೆ ಚೀನಾ 2025ರ ಏಪ್ರಿಲ್‌ನಲ್ಲಿ ಪರವಾನಗಿ ಕಡ್ಡಾಯಗೊಳಿಸಿದಾಗ ಭಾರತದ ವಿದ್ಯುತ್ ವಾಹನ ಉದ್ಯಮವೂ ಚಿಂತೆಗೀಡಾಗಿತ್ತು. ಆಟದ ಟ್ರಕ್ಕಿಗೂ ಬೀದಿಯ ಸ್ಕೂಟರಿಗೂ ಬೇಕಾದ ಸರಕು ಒಂದೇ.

ಶಕ್ತಿ ಕಳೆದುಕೊಂಡ ಮೋಟಾರನ್ನು ಗುರುತಿಸುವುದು ಕಷ್ಟವಲ್ಲ. ಅಯಸ್ಕಾಂತ ದುರ್ಬಲವಾದರೆ ಕೆವಿ ಏರುತ್ತದೆ. ಹೊರೆಯಿಲ್ಲದೆ ಮೋಟಾರು ಮೊದಲಿಗಿಂತ ಜೋರಾಗಿ ತಿರುಗುತ್ತದೆ, ನೆಲಕ್ಕಿಟ್ಟರೆ ಸೊರಗುತ್ತದೆ. ಡ್ರಿಲ್ ಪರೀಕ್ಷೆಯಲ್ಲಿ ಹಿಂದೆ ಬಂದ ವೋಲ್ಟೇಜ್ ಈಗ ಬರುವುದಿಲ್ಲ. ಹೊಸ ಮೋಟಾರಿನ ಅಳತೆಯನ್ನು ಬರೆದಿಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಬ್ಯಾಟರಿಯ ಪಾತ್ರ

500 ವ್ಯಾಟ್ ಶಕ್ತಿಗೆ 7.4 ವೋಲ್ಟ್ ಬ್ಯಾಟರಿಯಿಂದ ಸುಮಾರು 68 ಆಂಪಿಯರ್ ಹರಿಯಬೇಕು. 11.1 ವೋಲ್ಟ್ ಆದರೆ 45 ಸಾಕು. ಭಾರದ ಟ್ರಕ್ಕಿಗೆ ಹೆಚ್ಚು ವೋಲ್ಟೇಜ್, ಕಡಿಮೆ ಕೆವಿ ಒಳ್ಳೆಯದು ಎನ್ನುವುದು ಈ ಲೆಕ್ಕದಿಂದ. ತಂತಿ, ಕನೆಕ್ಟರ್ ಮತ್ತು ನಿಯಂತ್ರಕ ತಂಪಾಗಿರುತ್ತವೆ. ಆದರೆ ಕೆವಿ ಇಳಿಸದೆ ವೋಲ್ಟೇಜ್ ಮಾತ್ರ ಏರಿಸಿದರೆ ಫಲ ವಿರುದ್ಧ.

ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಕೋಶ 4.2 ವೋಲ್ಟ್ ಮೀರಬಾರದು, 3 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಉಬ್ಬಿದ ಬ್ಯಾಟರಿಯನ್ನು ಬಳಸುವಂತಿಲ್ಲ. ಚಾರ್ಜ್ ಆಗುವಾಗ ಬಳಿಯಲ್ಲಿ ಯಾರಾದರೂ ಇರಬೇಕು, ಸುತ್ತ ಹೊತ್ತಿಕೊಳ್ಳುವ ವಸ್ತು ಇರಬಾರದು. ಮೋಟಾರು ಸುಟ್ಟರೆ ನಷ್ಟ ಹಣದ್ದು. ಬ್ಯಾಟರಿ ಹೊತ್ತಿಕೊಂಡರೆ ಮನೆಯದು.

ಓಡಿಸುವ ಕ್ರಮ

ಹೊಸದಾಗಿ ಜೋಡಿಸಿದ ಮೋಟಾರಿಗೆ ಚಿಕ್ಕ ಪಿನಿಯನ್ ಹಾಕಿ ಮೂರ್ನಾಲ್ಕು ನಿಮಿಷ ಓಡಿಸಿ ನಿಲ್ಲಿಸಬೇಕು. ಇನ್‌ಫ್ರಾರೆಡ್ ಉಷ್ಣಮಾಪಕದಿಂದ ಹೊರಮೈಯ ಬಿಸಿ ಅಳೆಯಬೇಕು. 70ರಿಂದ 80 ಡಿಗ್ರಿ ಸೆಲ್ಸಿಯಸ್ ಸಾಮಾನ್ಯವಾಗಿ ಪಾಲಿಸುವ ಗರಿಷ್ಠ ಮಿತಿ. ಒಳಗಿನ ಸುರುಳಿ ಇದಕ್ಕಿಂತ ಬಿಸಿಯಾಗಿರುತ್ತದೆ. ಓಟ ನಿಂತೊಡನೆ ಗಾಳಿಯೂ ನಿಲ್ಲುವುದರಿಂದ ಒಳಗಿನ ಬಿಸಿ ಹೊರಬಂದು ಮೈಯ ಉಷ್ಣಾಂಶ ಇನ್ನಷ್ಟು ಏರುವುದುಂಟು. ಹಾಗಾಗಿ ಎರಡು-ಮೂರು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯುವುದು ಒಳಿತು. ಮಿತಿಯೊಳಗಿದ್ದರೆ ಒಂದು ಹಲ್ಲು ಹೆಚ್ಚಿಸಿ ಇದನ್ನೇ ಪುನರಾವರ್ತಿಸಬೇಕು. ಬೇಸಿಗೆಯ ಮಧ್ಯಾಹ್ನ ಸುತ್ತಲ ಗಾಳಿಯೇ 38 ಡಿಗ್ರಿ ಇರುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ, 20 ಡಿಗ್ರಿಯ ಮಡಿಕೇರಿಯ ಮುಂಜಾವಿಗೆ ಹೊಂದಿದ ಗೇರ್ ಹೊಂದುವುದಿಲ್ಲ. ಅಷ್ಟೇ ಹೊರೆಗೆ ಮೋಟಾರು 18 ಡಿಗ್ರಿ ಮುಂದಿನಿಂದಲೇ ಲೆಕ್ಕ ಆರಂಭಿಸಿರುತ್ತದೆ.

ಫ್ಯಾನ್, ಹೀಟ್‌ಸಿಂಕ್ ಅಳವಡಿಸಿದರೆ ನೆರವಾಗುತ್ತದೆ. ಆದರೆ ಅವು ಹೊರಮೈಯನ್ನು ಬೇಗ ತಣಿಸುತ್ತವೆ, ನಡುವೆ ತಿರುಗುವ ಅಯಸ್ಕಾಂತವನ್ನು ಅಷ್ಟು ಬೇಗ ತಣಿಸಲಾರವು. ತಪ್ಪು ಗೇರಿಗೆ ಫ್ಯಾನ್ ಪರಿಹಾರವಲ್ಲ. ಬೇರಿಂಗ್‌ನಲ್ಲಿ ದೂಳು ಸೇರಿದ್ದರೆ, ಪಿನಿಯನ್ ಮತ್ತು ಸ್ಪರ್ ಒತ್ತಾಗಿ ಕಚ್ಚಿಕೊಂಡಿದ್ದರೆ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಎರಡು ಗೇರುಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಬಿಗಿದು, ಬಳಿಕ ಕಾಗದ ತೆಗೆದರೆ ಬೇಕಾದಷ್ಟು ಸಡಿಲ ಸಿಗುತ್ತದೆ.

ಪೆಟ್ಟಿಗೆಯ ಮೇಲೆ ಮುದ್ರಿಸಿದ ಗರಿಷ್ಠ ವೇಗ ಮೋಟಾರು ಒಮ್ಮೆ ಮುಟ್ಟಬಲ್ಲ ಸಂಖ್ಯೆ. ಬ್ಯಾಟರಿ ಮುಗಿಯುವವರೆಗೂ, ಮುಂದಿನ ವರ್ಷವೂ ಅದೇ ಮೋಟಾರು ಅದೇ ವೇಗ ಕೊಡಬೇಕೆಂದರೆ ನೋಡಬೇಕಾದ ಸಂಖ್ಯೆ ಉಷ್ಣಮಾಪಕದ್ದು.